ಕಣ್ಣಿನ ಡಾಕ್ಟರನ್ನು ಕೇಳಿ: ಎರಡು ಕಣ್ಣುಗಳ ವ್ಯಾಜ್ಯ ತೀರಿಸುವವರು ಯಾರು?

ಪೊರೆ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ತಿರುಗುತ್ತಿವೆ: ಒಂದು ಕಣ್ಣಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ಕಂಡರೆ ಏನು ಗತಿ? ಹಾಗಾಗಿ ಸಕ್ಕರೆ ಕಾಯಿಲೆ, ಕಣ್ಣಿನ ಒತ್ತಡದ ಪ್ರಶ್ನೆಗಳನ್ನು ಈ ಸಲ ಬದಿಗಿಟ್ಟಿದ್ದೇನೆ. ಆ ಪತ್ರದವರು ಮುನಿಸಿಕೊಳ್ಳಬಾರದು. ಓದುವಾಗ ಒಂದು ಹಾಳೆ ಕಾಗದ, ಒಂದು ಪೆನ್ನು, ಒಂದು ತಂಪು ಕನ್ನಡಕ ಹತ್ತಿರ ಇರಲಿ. ನನ್ನ ಮಾತನ್ನು ನಂಬಬೇಕಾಗಿಲ್ಲ, ಮಾಡಿ ನೋಡಿದರೆ ಸಾಕು.

ಬಲಗಣ್ಣಿಗೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೇನೆ, ಎಡಗಣ್ಣಿನದು ಬಾಕಿ ಇದೆ. ಬಲಗಣ್ಣೊಂದರಿಂದ ನೋಡಿದರೆ ಪಂಚೆ ಅಚ್ಚ ಬಿಳಿ, ಎಡಗಣ್ಣೊಂದರಿಂದ ನೋಡಿದರೆ ಮಾಸಲು ಹಳದಿ. ಎರಡನ್ನೂ ತೆರೆದರೆ ಒಂದೇ ಬಣ್ಣ. ಯಾವುದು ನಿಜ, ತೀರ್ಪು ಕೊಡುವವರು ಯಾರು? — ನಿವೃತ್ತ ಶಿಕ್ಷಕರು, ಸಾಗರ

ನಿಮ್ಮ ಎಡಗಣ್ಣು ಸುಳ್ಳು ಹೇಳುತ್ತಿಲ್ಲ ಮೇಷ್ಟ್ರೇ, ವಯಸ್ಸು ಹೇಳುತ್ತಿದೆ. ಹುಟ್ಟಿನಿಂದ ಬಂದ ಮಸೂರ ವರ್ಷ ಕಳೆದಂತೆ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯತೊಡಗುತ್ತದೆ. ಅದು ನಡೆಯುವುದು ಎಷ್ಟು ನಿಧಾನವೆಂದರೆ ಯಾರ ಗಮನಕ್ಕೂ ಬರುವುದಿಲ್ಲ. ಒಂದು ಕಣ್ಣಿನದನ್ನು ತೆಗೆದು ತಿಳಿ ಲೆನ್ಸ್ ಕೂರಿಸಿ ಮಾರನೆಯ ದಿನ ಪಟ್ಟಿ ಬಿಚ್ಚಿದಾಗಲೇ ಗೊತ್ತಾಗುವುದು. ನಾನು ತಾಲೂಕು ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಪಟ್ಟಿ ಬಿಚ್ಚಿಸಿಕೊಂಡ ಹೆಂಗಸರು ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ತಮ್ಮ ಸೀರೆಯನ್ನು. "ಇದು ಇಷ್ಟು ನೀಲಿ ಇತ್ತೇ?" ಎಂದು ಸೆರಗನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಇನ್ನು ತೀರ್ಪಿನ ವಿಷಯ. ಪ್ರತಿ ಕಣ್ಣಿನ ಹಿಂದಿನಿಂದ ಸುಮಾರು 10 ಲಕ್ಷ ನರತಂತುಗಳ ಒಂದು ಕಟ್ಟು ಹೊರಡುತ್ತದೆ. ಎರಡು ಕಟ್ಟುಗಳೂ ಮಿದುಳಿನ ತಳದಲ್ಲಿ ಸಂಧಿಸುತ್ತವೆ. ಅಲ್ಲಿ ಮೂಗಿನ ಕಡೆಯ ಅರ್ಧದಿಂದ ಬಂದ ತಂತುಗಳು ಎದುರು ಬದಿಗೆ ದಾಟುತ್ತವೆ, ಕಿವಿಯ ಕಡೆಯವು ತಮ್ಮ ಬದಿಯಲ್ಲೇ ಮುಂದೆ ಹೋಗುತ್ತವೆ. "ಎಡಗಣ್ಣು ಬಲ ಮಿದುಳಿಗೆ, ಬಲಗಣ್ಣು ಎಡ ಮಿದುಳಿಗೆ" ಎಂದು ಹಲವರು ಹೇಳುವುದು ಹಾಗಾಗಿ ಸರಿಯಲ್ಲ. ನಿಮ್ಮ ಎಡಗಡೆ ಇರುವುದೆಲ್ಲ, ಯಾವ ಕಣ್ಣು ಕಂಡಿದ್ದರೂ, ಬಲ ಮಿದುಳಿಗೆ; ಬಲಗಡೆಯದೆಲ್ಲ ಎಡ ಮಿದುಳಿಗೆ. ಒಂದೇ ಪಂಚೆಯ ಬಗ್ಗೆ ಎರಡು ಕಣ್ಣುಗಳು ಕಳಿಸಿದ ವರದಿಗಳು ಒಂದೇ ಕಡೆ ಸೇರಬೇಕಲ್ಲ, ಅದಕ್ಕೆ ಈ ಏರ್ಪಾಡು.

ಸೇರಿದ ಮಾತ್ರಕ್ಕೆ ಬೆರೆತವು ಎಂದಲ್ಲ. ದಾರಿಯಲ್ಲಿ, ಮಿದುಳಿನ ನಡುವೆ ಇರುವ ಥಲಾಮಸ್ ಎಂಬ ಭಾಗದಲ್ಲೊಂದು ನಿಲ್ದಾಣವಿದೆ, 6 ಪದರಗಳದ್ದು. ಅದರ 1, 4, 6ನೆಯ ಪದರಗಳು ಎದುರು ಬದಿಯ ಕಣ್ಣಿಗೆ. 2, 3, 5 ಅದೇ ಬದಿಯ ಕಣ್ಣಿಗೆ. ಅಲ್ಲಿಂದ ತಲೆಯ ಹಿಂಭಾಗದ ದೃಷ್ಟಿ ಕೇಂದ್ರಕ್ಕೆ ಹೋದ ಮೇಲೂ, ಸುದ್ದಿ ಮೊದಲು ಬಂದಿಳಿಯುವ ಪದರದಲ್ಲಿ ಎರಡು ಕಣ್ಣುಗಳಿಗೆ ಬೇರೆ ಬೇರೆ ಪಟ್ಟೆಗಳಿವೆ. ಅದರ ಮೇಲಿನ ಮತ್ತು ಕೆಳಗಿನ ಪದರಗಳಿಗೆ ಬಂದಾಗ ಮಾತ್ರ ಎರಡೂ ಕಣ್ಣುಗಳ ಮಾತಿಗೆ ಓಗೊಡುವ ನರಕೋಶಗಳು ಸಿಗುತ್ತವೆ. ಅಷ್ಟು ದೂರ ಜೋಪಾನವಾಗಿ ಬೇರೆಯಾಗಿಯೇ ತಂದು, ಆಮೇಲೆ ಕೂಡಿಸುವುದು.

ಕೂಡಿಸುವಾಗ ಮಿದುಳು ಮೊದಲು ಅಂಚುಗಳನ್ನು ನೋಡುತ್ತದೆ. ಪಂಚೆಯ ಅಂಚು, ಮಡಿಕೆ, ಜರಿ ಎರಡೂ ಕಣ್ಣಿಗೆ ಒಂದೇ. ಬಣ್ಣ ಮಾತ್ರ ತುಸು ಬೇರೆ. ಅಷ್ಟಕ್ಕೆ ಅದು ಜಗಳ ತೆಗೆಯುವುದಿಲ್ಲ. ಎರಡನ್ನೂ ಬೆರೆಸಿ ನಡುವಿನ ಬಣ್ಣವೊಂದನ್ನು ಒಪ್ಪಿಕೊಳ್ಳುತ್ತದೆ, ಅದರಲ್ಲೂ ಸ್ಪಷ್ಟವಾಗಿ ಕಾಣುವ ಕಣ್ಣಿನ ಮಾತಿಗೆ ತೂಕ ಹೆಚ್ಚು. ಚಿತ್ರಗಳೇ ಬೇರೆಯಾದರೆ ಕತೆ ಬೇರೆ. ಇಟಲಿಯ ಜಾಂಬಟ್ಟಿಸ್ಟಾ ಡೆಲ್ಲಾ ಪೋರ್ಟಾ 1593ರಷ್ಟು ಹಿಂದೆಯೇ ಒಂದೊಂದು ಕಣ್ಣಿನ ಮುಂದೆ ಒಂದೊಂದು ಪುಸ್ತಕ ಇಟ್ಟುಕೊಂಡು ಪರೀಕ್ಷೆ ಮಾಡಿದ್ದ. ಎರಡು ಪುಟಗಳು ಬೆರೆಯಲಿಲ್ಲ. ಒಂದನ್ನು ಓದುವಾಗ ಇನ್ನೊಂದು ಅಳಿಸಿಹೋಗುತ್ತಿತ್ತು. ಇಂದು ಪ್ರಯೋಗಾಲಯದಲ್ಲಿ ಒಂದು ಕಣ್ಣಿಗೆ ಅಡ್ಡಗೆರೆ, ಇನ್ನೊಂದಕ್ಕೆ ಉದ್ದಗೆರೆ ತೋರಿಸಿದರೂ ಅಷ್ಟೇ: ಕೆಲವು ಕ್ಷಣ ಇದು, ಕೆಲವು ಕ್ಷಣ ಅದು. ತಡೆಯಬೇಕೆಂದರೂ ಈ ಅದಲುಬದಲು ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ.

ಈಗ ಕಾಗದವನ್ನು ಕೊಳವೆಯಂತೆ ಸುತ್ತಿ ಬಲಗಣ್ಣಿಗೆ ಇಟ್ಟುಕೊಂಡು ದೂರದ ಗೋಡೆಯನ್ನು ನೋಡಿ. ಎಡಗಣ್ಣು ತೆರೆದೇ ಇರಲಿ. ಎಡಗೈಯನ್ನು, ಅಂಗೈ ಮುಖದ ಕಡೆಗೆ ಬರುವಂತೆ, ಕೊಳವೆಯ ಪಕ್ಕಕ್ಕೆ ತಾಗಿಸಿ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಅಂಗೈಯಲ್ಲಿ ದುಂಡನೆಯ ತೂತು ಕಾಣುತ್ತದೆ, ತೂತಿನಾಚೆ ಗೋಡೆ. ತೂತಿನ ಒಳಗೆ ಬಲಗಣ್ಣು ಗೆದ್ದಿದೆ, ಹೊರಗೆ ಎಡಗಣ್ಣು. ಅಂದರೆ ತೀರ್ಪು ಇಡೀ ಕಣ್ಣಿಗೆ ಒಂದಲ್ಲ, ನೋಟದ ಒಂದೊಂದು ತುಣುಕಿಗೆ ಒಂದೊಂದು. ಮೊಮ್ಮಕ್ಕಳಿಗೆ ತೋರಿಸಿ, ಒಂದು ಸಂಜೆ ಕಳೆಯುತ್ತದೆ.

ನಮ್ಮಜ್ಜನಿಗೆ ಮೋದಿ ಡಾಕ್ಟರ ಶಿಬಿರದಲ್ಲಿ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಆ ಕಣ್ಣಿಗೆ ದಪ್ಪ ಗಾಜು. ಇನ್ನೊಂದು ಕಣ್ಣೂ ಚೆನ್ನಾಗಿಯೇ ಕಾಣುತ್ತಿತ್ತಂತೆ, ಆದರೂ ಆ ಇನ್ನೊಂದು ಕಣ್ಣಿನ ಗಾಜಿಗೆ ಕಾಗದ ಅಂಟಿಸಿಕೊಂಡಿದ್ದರು. ಯಾಕೆ? — ಓದುಗರು, ವಿಜಯಪುರ

ನಿಮ್ಮಜ್ಜ ಜಾಣರು. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಾಲೆ, ಛತ್ರಗಳಲ್ಲಿ ಸಾಲಾಗಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಕಣ್ಣೊಳಗೆ ಕೂರಿಸುವ ಲೆನ್ಸ್ ಇನ್ನೂ ಬಂದಿರಲಿಲ್ಲ. ಪೊರೆಗಟ್ಟಿದ ಮಸೂರವನ್ನು ತೆಗೆದು ಅದರ ಕೆಲಸವನ್ನು ಹೊರಗಿನ ದಪ್ಪ ಗಾಜಿಗೆ ವಹಿಸುತ್ತಿದ್ದರು. ಆ ಗಾಜು ಎಲ್ಲವನ್ನೂ ಹೆಚ್ಚುಕಡಿಮೆ ಕಾಲು ಭಾಗ ದೊಡ್ಡದಾಗಿ ತೋರಿಸುತ್ತದೆ. ಮಿದುಳು ಸಣ್ಣಪುಟ್ಟ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಆದರೆ ಎರಡು ಚಿತ್ರಗಳ ಅಳತೆಯಲ್ಲಿ ಶೇಕಡಾ 5ರಷ್ಟು ಅಂತರ ಬಂದರೇ ಅದಕ್ಕೆ ಜೋಡಿಸುವುದು ಕಷ್ಟ. ಶೇಕಡಾ 25 ಆದರೆ ಸಾಧ್ಯವೇ ಇಲ್ಲ. ಚಿಕ್ಕ ಎಮ್ಮೆಯೊಂದು, ದೊಡ್ಡ ಎಮ್ಮೆಯೊಂದು ಒಂದರ ಮೇಲೊಂದು ಕಂಡರೆ ಕಾಗದ ಅಂಟಿಸದೆ ಇನ್ನೇನು ಮಾಡಬೇಕು? ಒಂದೇ ಕಣ್ಣಿನಿಂದ ನೋಡಿದರೂ ಕಷ್ಟ ತಪ್ಪುತ್ತಿರಲಿಲ್ಲ. ಲೋಟ ಇರುವುದಕ್ಕಿಂತ ಹತ್ತಿರ ಕಂಡು ಕೈ ಗಾಳಿಯನ್ನು ಹಿಡಿಯುತ್ತಿತ್ತು, ಬಾಗಿಲ ಚೌಕಟ್ಟು ಬಾಗಿದಂತೆ ಕಾಣುತ್ತಿತ್ತು.

ಕಣ್ಣೊಳಗೆ ಲೆನ್ಸ್ ಕೂರಿಸುವ ಕೆಲಸವನ್ನು ಮೊದಲು ಮಾಡಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧವಿಮಾನದ ಮುಸುಕು ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಕಣ್ಣನ್ನು ಕೆರಳಿಸದೆ ಸುಮ್ಮನಿದ್ದುದನ್ನು ಅವರು ಗಮನಿಸಿದ್ದರು. ಸಹಜ ಮಸೂರ ಇದ್ದ ಜಾಗದಲ್ಲೇ ಕೂರುವುದರಿಂದ ಈ ಲೆನ್ಸ್ ಚಿತ್ರದ ಅಳತೆಯನ್ನು ಬಹುಮಟ್ಟಿಗೆ ಕೆಡಿಸುವುದಿಲ್ಲ. ಸಾಗರದ ಮೇಷ್ಟರ ತಕರಾರು ಬರೀ ಬಣ್ಣಕ್ಕೆ ನಿಂತಿರುವುದು ಅದರಿಂದಲೇ.

ಕಣ್ಣಿಗೆ ಗಾಯವಾಗಿ ವಾರಗಟ್ಟಲೆ ಒಂದು ಕಣ್ಣಿಗೆ ಪಟ್ಟಿ ಇತ್ತು. ಸೂಜಿಗೆ ದಾರ ಪೋಣಿಸಲಾಗದೆ ಸೋತೆ, ಕಾಫಿ ಲೋಟದ ಹೊರಗೆ ಬೀಳುತ್ತಿತ್ತು. ಒಂದು ಕಣ್ಣು ಸರಿಯಾಗಿಯೇ ಕಾಣುತ್ತಿತ್ತಲ್ಲ? — ಗೃಹಿಣಿ, ಉಡುಪಿ

ಕಾಣುತ್ತಿತ್ತು. ಆದರೆ ಹೋಲಿಸಿ ನೋಡಲು ಎರಡನೆಯ ಚಿತ್ರ ಇರಲಿಲ್ಲ. ಈ ಪತ್ರಗಳಲ್ಲೆಲ್ಲ ನನಗೆ ಇಷ್ಟವಾದ ಪ್ರಶ್ನೆ ಇದು. ಯಾಕೆಂದರೆ ಎರಡು ಕಣ್ಣುಗಳ ಚಿತ್ರ ಬೇರೆ ಬೇರೆ ಇರುವುದು ಮಿದುಳಿಗೆ ದೊಡ್ಡ ತಲೆನೋವು ಎಂದೇ ಜನ ಬರೆಯುತ್ತಾರೆ. ನಾನು ಹೇಳುವುದು ಅದರ ತಿರುವುಮುರುವು: ಆ ವ್ಯತ್ಯಾಸವೇ ಅದರ ಆಸ್ತಿ. ಎರಡೂ ಚಿತ್ರ ತದ್ರೂಪ ಇದ್ದಿದ್ದರೆ ಎರಡನೆಯ ಕಣ್ಣು ಬರೀ ಬಿಡಿಭಾಗವಾಗಿ ಉಳಿಯುತ್ತಿತ್ತು.

ಪೆನ್ನನ್ನು ಮುಖದಿಂದ ಒಂದು ಅಡಿ ದೂರ ನೆಟ್ಟಗೆ ಹಿಡಿದು, ಅದರ ಆಚೆಯ ಕಿಟಕಿಯ ಸರಳನ್ನು ನೋಡಿ. ಪೆನ್ನು ಎರಡಾಗುತ್ತದೆ. ಬಲಗಣ್ಣು ಮುಚ್ಚಿ, ಮಾಯವಾಗುವುದು ಎಡಗಡೆಯ ಪೆನ್ನು. ಈಗ ಪೆನ್ನನ್ನೇ ನೋಡಿ. ಅದು ಒಂದಾಯಿತು, ಸರಳು ಎರಡಾಯಿತು. ದಿನವಿಡೀ ನಮ್ಮ ಸುತ್ತ ಹೀಗೆ ಜೋಡಿ ವಸ್ತುಗಳು ತುಂಬಿರುತ್ತವೆ. ಗಮನವೆಲ್ಲ ದೃಷ್ಟಿ ನೆಟ್ಟ ಕಡೆಗೇ ಇರುವುದರಿಂದ ಅವು ಲೆಕ್ಕಕ್ಕೆ ಬರುವುದಿಲ್ಲ. ನೋಡುತ್ತಿರುವ ದೂರಕ್ಕೆ ತೀರ ಸಮೀಪದ ವಸ್ತುಗಳಲ್ಲಿ ವ್ಯತ್ಯಾಸ ಅಲ್ಪ. ಆ ಅಲ್ಪ ವ್ಯತ್ಯಾಸ ಒಂದು ಮಿತಿಯೊಳಗಿದ್ದರೆ ವಸ್ತು ಒಂದೇ ಆಗಿ ಕಾಣುತ್ತದೆ. ವ್ಯತ್ಯಾಸ ಮಾತ್ರ ವ್ಯರ್ಥವಾಗುವುದಿಲ್ಲ, ಅದು 'ತುಸು ಮುಂದೆ', 'ತುಸು ಹಿಂದೆ' ಎಂಬ ಆಳವಾಗಿ ಅನುಭವಕ್ಕೆ ಬರುತ್ತದೆ. ನಮ್ಮ ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಬರೀ 6 ಸೆಂಟಿಮೀಟರ್ ಚಿಲ್ಲರೆ. ಅಷ್ಟರಿಂದಲೇ, ಒಳ್ಳೆಯ ಕಣ್ಣಿರುವವರು ಅರ್ಧ ಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಹಿಂದುಮುಂದನ್ನು ಪತ್ತೆ ಹಚ್ಚುತ್ತಾರೆ. ಸೂಜಿಯ ಕಣ್ಣಿಗೆ ಬೇಕಾದದ್ದು ಅದೇ. ದೂರ ಎರಡು ಪಟ್ಟಾದರೆ ಈ ಸೂಕ್ಷ್ಮತೆ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ನಿಮಗೆ ಕಾಫಿ ಸುರಿಯುವುದು ಕಷ್ಟವಾಗಿ, ರಸ್ತೆಯಾಚೆಯ ಅಂಗಡಿಯನ್ನು ನೋಡುವುದು ಕಷ್ಟವಾಗದೆ ಇದ್ದುದು ಇದಕ್ಕೇ.

ಇದನ್ನು ಸಾಬೀತು ಮಾಡಿದವರು ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟೋನ್. 1838ರಲ್ಲಿ, ಫೋಟೋಗ್ರಫಿ ಇನ್ನೂ ಲೋಕಕ್ಕೆ ಪರಿಚಯವಾಗುವ ಮೊದಲೇ, ಅವರು ಎರಡು ಕನ್ನಡಿಗಳನ್ನು ಓರೆಯಾಗಿ ನಿಲ್ಲಿಸಿ, ಒಂದೊಂದು ಕಣ್ಣಿಗೆ ಒಂದೊಂದು ರೇಖಾಚಿತ್ರ ತೋರಿಸಿದರು. ಒಂದು ಪೆಟ್ಟಿಗೆಯನ್ನು ಎಡಗಣ್ಣು ಕಂಡಂತೆ ಒಂದು, ಬಲಗಣ್ಣು ಕಂಡಂತೆ ಇನ್ನೊಂದು. ಚಪ್ಪಟೆ ಗೆರೆಗಳು ಎದ್ದು ಪೆಟ್ಟಿಗೆಯಾಗಿ ನಿಂತವು. ನೆರಳಿಲ್ಲ, ಬಣ್ಣವಿಲ್ಲ, ವ್ಯತ್ಯಾಸವೊಂದೇ. ಅಲ್ಲಿಯವರೆಗೆ ವಿದ್ವಾಂಸರು 'ಎರಡು ಕಣ್ಣಿದ್ದೂ ಒಂದೇ ಏಕೆ ಕಾಣುತ್ತದೆ' ಎಂದು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಬೇರೆ ಬೇರೆ ಕಾಣುವುದರಿಂದ ಲಾಭವೇನು ಎಂದು ಕೇಳುವುದು ಬಾಕಿ ಇತ್ತು.

ಒಂದೇ ಕಣ್ಣಿನವರ ಗತಿ ಏನು ಎಂದು ಕೇಳಬೇಡಿ, ಪಟೌಡಿಯನ್ನು ನೆನೆಯಿರಿ. ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಬಲಗಣ್ಣಿನ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡರು. ಮೊದಮೊದಲು ನೀರು ಲೋಟಕ್ಕೆ ಬೀಳದೆ ಮೇಜಿನ ಮೇಲೆ ಬೀಳುತ್ತಿತ್ತಂತೆ, ನಿಮ್ಮ ಕಾಫಿಯ ಹಾಗೆಯೇ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಭಾರತಕ್ಕೆ ಟೆಸ್ಟ್ ಆಡಿದರು. ಮುಂದಿನ ಮಾರ್ಚಿನಲ್ಲಿ, 21ನೆಯ ವಯಸ್ಸಿಗೆ, ನಾಯಕ. ಒಟ್ಟು 46 ಟೆಸ್ಟ್, 6 ಶತಕ, ಅದರಲ್ಲೊಂದು ಅಜೇಯ 203. ಆಳವನ್ನು ಅಳೆಯಲು ಮಿದುಳಿಗೆ ಬೇರೆ ದಾರಿಗಳೂ ಇವೆ: ಯಾವುದು ಯಾವುದನ್ನು ಮರೆಮಾಡುತ್ತಿದೆ, ಎಷ್ಟು ದೊಡ್ಡದು, ನೆರಳು ಎಲ್ಲಿ, ತಲೆ ಆಡಿಸಿದಾಗ ಯಾವುದು ಹೆಚ್ಚು ಸರಿಯುತ್ತದೆ. ನಿಮ್ಮ ಪಟ್ಟಿ ಇನ್ನೂ ಕೆಲವು ತಿಂಗಳು ಉಳಿದಿದ್ದರೆ ಕಾಫಿ ತಾನಾಗಿ ಲೋಟದೊಳಗೆ ಬೀಳುತ್ತಿತ್ತು. ಸೂಜಿಯ ಮಾತು ಬೇರೆ.

ಎಡಗಣ್ಣಿನ ಚಿತ್ರದ ಯಾವ ಚುಕ್ಕೆ ಬಲಗಣ್ಣಿನ ಯಾವ ಚುಕ್ಕೆಗೆ ಜೋಡಿ ಎಂದು ಮಿದುಳಿಗೆ ಹೇಗೆ ಗೊತ್ತಾಗುತ್ತದೆ? ಮೊದಲು ವಸ್ತುವನ್ನು ಗುರುತಿಸಿ ಆಮೇಲೆ ಜೋಡಿಸುತ್ತದೆಯೇ? — ಪಿಯು ವಿದ್ಯಾರ್ಥಿನಿ, ಧಾರವಾಡ

ಭೇಷ್. ಇದೇ ಸಂಶಯವನ್ನು ಬೇಲಾ ಯೂಲೆಶ್ ಎಂಬ ಹಂಗೇರಿಯ ಎಂಜಿನಿಯರ್ ಪರೀಕ್ಷಿಸಿದ. 1956ರ ದಂಗೆಯ ನಂತರ ದೇಶ ಬಿಟ್ಟು ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ್ದವನು, ರೇಡಾರ್ ಕೆಲಸದಲ್ಲಿ ಪಳಗಿದವನು. ಮರೆಮಾಚಿದ ಯುದ್ಧಸಾಮಗ್ರಿ ವಿಮಾನದಿಂದ ತೆಗೆದ ಒಂದೇ ಫೋಟೋದಲ್ಲಿ ಕಾಣದಿದ್ದರೂ ಜೋಡಿ ಫೋಟೋದಲ್ಲಿ ಎದ್ದು ಕಾಣುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಕಂಪ್ಯೂಟರಿನಿಂದ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಚೆಲ್ಲಿಸಿದ. ನೋಡಿದರೆ ನೆಲದ ಮೇಲೆ ಸಾಸಿವೆ ಚೆಲ್ಲಿದಂತೆ. ಅದರ ತದ್ರೂಪು ಪ್ರತಿಯಲ್ಲಿ ನಡುವಿನ ಒಂದು ಚೌಕದಷ್ಟು ಚುಕ್ಕೆಗಳನ್ನು ತುಸು ಪಕ್ಕಕ್ಕೆ ಸರಿಸಿದ. ಒಂದೊಂದೇ ಕಣ್ಣಿನಿಂದ ನೋಡಿದರೆ ಚೌಕ ಎಲ್ಲೂ ಇಲ್ಲ. ಎರಡನ್ನೂ ಎರಡು ಕಣ್ಣಿಗೆ ತೋರಿಸಿದರೆ ಚೌಕ ಗಾಳಿಯಲ್ಲಿ ತೇಲುತ್ತದೆ. ಗುರುತಿಸಲು ಅಲ್ಲಿ ವಸ್ತುವೇ ಇರಲಿಲ್ಲ ನೋಡಿ. ಅಂದರೆ ಜೋಡಿಸುವುದಕ್ಕೆ ಗುರುತಿಸುವ ಹಂಗು ಬೇಕಿಲ್ಲ, ಜೋಡಿಸಿಯೂ ಗುರುತಿಸಬಹುದು. ಮುಂದೆ 1967ರಲ್ಲಿ ಬಾರ್ಲೋ, ಬ್ಲೇಕ್‌ಮೋರ್, ಪೆಟಿಗ್ರೂ ಮೂವರೂ ಬೆಕ್ಕಿನ ಮಿದುಳಿನಲ್ಲಿ ಇಂತಿಷ್ಟೇ ವ್ಯತ್ಯಾಸಕ್ಕೆ ಓಗೊಡುವ ನರಕೋಶಗಳನ್ನು ವಿವರಿಸಿದರು.

ನಿಮಗೊಂದು ಮನೆಗೆಲಸ. ದಾರಕ್ಕೆ ನಟ್ಟೊಂದನ್ನು ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿ. ಗೆಳತಿ ಅದನ್ನು ನಿಮ್ಮೆದುರು ನೇರ ಎಡಕ್ಕೂ ಬಲಕ್ಕೂ ತೂಗಲಿ. ನೀವು ಎರಡೂ ಕಣ್ಣು ತೆರೆದು, ತಂಪು ಕನ್ನಡಕದ ಒಂದೇ ಗಾಜನ್ನು ಒಂದೇ ಕಣ್ಣಿಗೆ ಅಡ್ಡ ಹಿಡಿಯಿರಿ. ನಟ್ಟು ನೇರ ಬಿಟ್ಟು ಸುತ್ತು ಹಾಕತೊಡಗುತ್ತದೆ. ಗಾಜನ್ನು ಇನ್ನೊಂದು ಕಣ್ಣಿಗೆ ಬದಲಿಸಿ, ಸುತ್ತುವ ದಿಕ್ಕು ತಿರುಗಿತು. ಮಬ್ಬು ಬೆಳಕಿನ ಸುದ್ದಿ ಮಿದುಳಿಗೆ ತುಸು ತಡವಾಗಿ ಮುಟ್ಟುತ್ತದೆ. ಹಾಗಾಗಿ ಗಾಜಿನ ಹಿಂದಿನ ಕಣ್ಣು ನಟ್ಟು ತುಸು ಮೊದಲು ಇದ್ದ ಜಾಗವನ್ನು ಹೇಳುತ್ತಿರುತ್ತದೆ. ಕಾಲದ ಆ ವ್ಯತ್ಯಾಸವನ್ನು ಮಿದುಳು ಜಾಗದ ವ್ಯತ್ಯಾಸವೆಂದು ಬಗೆದು ಅದಕ್ಕೆ ಆಳ ಕೊಡುತ್ತದೆ. ಹೀಗೆಂದು 1922ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ಪುಲ್ಫ್ರಿಷ್. ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಮ್ಮದೇ ಹೆಸರಿನ ಚಮತ್ಕಾರವನ್ನು ಅವರು ನೋಡುವಂತಿರಲಿಲ್ಲ.

ಮಗಳಿಗೆ 4 ವರ್ಷ. ಎಡಗಣ್ಣು ಮೂಗಿನ ಕಡೆ ವಾಲುತ್ತದೆ. ಮೆಳ್ಳೆಗಣ್ಣು ಅದೃಷ್ಟ, ದೊಡ್ಡವಳಾದಾಗ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಅವಳಿಗೆ ಎರಡೆರಡು ಕಾಣುತ್ತಿರಬಹುದೇ? — ತಾಯಿ, ರಾಣೆಬೆನ್ನೂರು

ಇಲ್ಲ, ಕಾಣುತ್ತಿಲ್ಲ, ಚಿಂತೆಯ ವಿಷಯವೇ ಅದು. ದೊಡ್ಡವರಿಗೆ ಇದ್ದಕ್ಕಿದ್ದಂತೆ ಮೆಳ್ಳೆ ಬಂದರೆ ಎಲ್ಲವೂ ಎರಡಾಗಿ ಕಂಡು ಅಂದೇ ಆಸ್ಪತ್ರೆಗೆ ಓಡುತ್ತಾರೆ, ಓಡಬೇಕು ಕೂಡ. ಮಕ್ಕಳ ಮಿದುಳು ಬೇರೆ ಉಪಾಯ ಮಾಡುತ್ತದೆ: ವಾಲಿದ ಕಣ್ಣಿನ ಚಿತ್ರವನ್ನೇ ಅದುಮಿಡುತ್ತದೆ. ಮಗು ಆರಾಮವಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಕಣ್ಣು ಮಂಜಾಗುತ್ತ ಹೋಗುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸುವುದಿಲ್ಲ; ಕೆಲಸ ಕೊಡದೆ ಕೂರಿಸಿ ಸೋಮಾರಿ ಎಂದರೆ ಹೇಗೆ?

ಇಂದು ಸಂಜೆ ಆಟದ ನಡುವೆ ಅವಳ ಬಲಗಣ್ಣನ್ನು ಕೈಯಿಂದ ಮುಚ್ಚಿ ನೋಡಿ. ಕೈಯನ್ನು ತಳ್ಳಿ ರಂಪ ಮಾಡಿ, ಎಡಗಣ್ಣು ಮುಚ್ಚಿದಾಗ ಸುಮ್ಮನೆ ಆಡುತ್ತಿದ್ದರೆ ಎಡಗಣ್ಣಿನಲ್ಲಿ ದೃಷ್ಟಿ ಕಡಿಮೆ ಎಂದು ತಿಳಿಯಿರಿ. ರಂಪ ಮಾಡದಿದ್ದರೂ ಕಣ್ಣಿನ ವೈದ್ಯರ ಬಳಿ ಹೋಗುವುದನ್ನು ಬಿಡಬೇಡಿ. ಅವರಲ್ಲಿ ನೊಣದ ದೊಡ್ಡ ಚಿತ್ರವೊಂದಿರುತ್ತದೆ. ವಿಶೇಷ ಕನ್ನಡಕ ಹಾಕಿ "ರೆಕ್ಕೆ ಹಿಡಿ" ಎಂದರೆ ಎರಡೂ ಕಣ್ಣು ಕೂಡಿ ನೋಡುವ ಮಗು ಹಾಳೆಯಿಂದ ಮೇಲೆ, ಗಾಳಿಯಲ್ಲಿ ಚಿವುಟುತ್ತದೆ. ಕೆಲವು ಮಕ್ಕಳು ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕೂಡಿ ನೋಡದ ಮಗು ಹಾಳೆಯನ್ನೇ ಮುಟ್ಟುತ್ತದೆ.

ಅವಸರ ಏಕೆಂದರೆ ಎರಡು ಕಣ್ಣುಗಳನ್ನು ಕೂಡಿಸುವ ವಿದ್ಯೆ ಹುಟ್ಟಿನಿಂದ ಬರುವುದಿಲ್ಲ. ಕೂಸಿಗೆ 3ರಿಂದ 5 ತಿಂಗಳಾಗುವ ಹೊತ್ತಿಗೆ ಅದು ಮೂಡುತ್ತದೆ, ಮುಂದಿನ ಕೆಲವು ವರ್ಷಗಳಲ್ಲಿ ಗಟ್ಟಿಯಾಗುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟು ತೆರೆದಾಗ, ಕಣ್ಣು ಆರೋಗ್ಯವಾಗಿಯೇ ಇತ್ತು. ಮಿದುಳಿನ ಕೋಶಗಳು ಮಾತ್ರ ಅದಕ್ಕೆ ಓಗೊಡುವುದನ್ನು ನಿಲ್ಲಿಸಿದ್ದವು. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಮಗಳ ಬಾಗಿಲು ಇನ್ನೂ ತೆರೆದೇ ಇದೆ. ಮೊದಲು ಕನ್ನಡಕ ಬೇಕೇ ಎಂದು ನೋಡುತ್ತಾರೆ. ಎಷ್ಟೋ ಮಕ್ಕಳ ಮೆಳ್ಳೆ ಕನ್ನಡಕದಿಂದಲೇ ನೆಟ್ಟಗಾಗುತ್ತದೆ. ಆಮೇಲೆ ದಿನಕ್ಕೆ ವೈದ್ಯರು ಹೇಳಿದಷ್ಟು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ. ಅವಳು ಕಿತ್ತೆಸೆಯುತ್ತಾಳೆ. ನೀವು ಮತ್ತೆ ಅಂಟಿಸಬೇಕು. ಗೊಂಬೆಗೂ ಒಂದು ಪಟ್ಟಿ ಅಂಟಿಸಿ. ಶಸ್ತ್ರಚಿಕಿತ್ಸೆ ಬೇಕಾದರೆ ಅದಕ್ಕೂ ಹೆದರಬೇಡಿ.

ತಡವಾದವರಿಗೆ ದಾರಿಯೇ ಇಲ್ಲ ಎಂದೂ ಹೇಳಲಾರೆ. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರಿಗೆ ಎಳವೆಯಿಂದ ಮೆಳ್ಳೆ. ಕಣ್ಣು ನೆಟ್ಟಗಾದರೂ ಎರಡು ಕೂಡಿರಲಿಲ್ಲ. 48ನೆಯ ವಯಸ್ಸಿನಲ್ಲಿ ಕಣ್ಣಿನ ವ್ಯಾಯಾಮಗಳ ನಂತರ ಒಂದು ದಿನ ಕಾರಿನ ಸ್ಟಿಯರಿಂಗ್ ಚಕ್ರ ಮುಂದಕ್ಕೆ ಎದ್ದು ಬಂದಂತೆ ಕಂಡಿತು. ಆದರೆ ಅಂಥವರು ಅಪರೂಪ. ನೀವು ಈ ವಾರವೇ ಹೊರಡಿ. ಅದೃಷ್ಟದ ಲೆಕ್ಕವನ್ನು ಹಿರಿಯರು ಆಮೇಲೆ ನೋಡಿಕೊಳ್ಳಲಿ.

ಕೋಳಿ ತಲೆ ಓರೆ ಮಾಡಿ ನೋಡುವುದೇಕೆ? ಮನುಷ್ಯರನ್ನು ಬಿಟ್ಟು ಯಾರಿಗೆ ಹೀಗೆ ಆಳ ಕಾಣುತ್ತದೆ? — 7ನೆಯ ತರಗತಿ, ಮಡಿಕೇರಿ

ಕೋಳಿಯ ಕಣ್ಣುಗಳು ತಲೆಯ ಎರಡು ಬದಿಗಿವೆ, ಆದ್ದರಿಂದ ದೂರದ್ದನ್ನು ಒಂದೇ ಕಣ್ಣಿನಿಂದ ನೋಡುತ್ತದೆ. ಕೋತಿ, ಬೆಕ್ಕು, ಗೂಬೆಗಳಿಗೆ ಎರಡು ಕಣ್ಣು ಕೂಡಿಸಿ ಆಳ ನೋಡುವ ಶಕ್ತಿ ಇದೆ. ಕೀಟಗಳಲ್ಲಿ ಇದು ಖಚಿತವಾಗಿರುವುದು ಸೂರ್ಯನ ಕುದುರೆಗೆ, ಅದೇ, ಕೈ ಮುಗಿದು ಕೂರುವ ಹಸಿರು ಕೀಟ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಜೆನ್ನಿ ರೀಡ್ ಅವರ ತಂಡ ಅದರ ಮುಖಕ್ಕೆ ಜೇನುಮೇಣದಿಂದ ಪುಟ್ಟ ತ್ರಿಡಿ ಕನ್ನಡಕ ಅಂಟಿಸಿ, ಪರದೆಯ ಮೇಲೆ ಹುಳದಂತಹ ಚುಕ್ಕೆಯನ್ನು ಹರಿದಾಡಿಸಿತು. ಚುಕ್ಕೆ ಹತ್ತಿರ ತೇಲಿದಂತೆ ಕಂಡಾಗ ಕೀಟ ಗಬಕ್ಕನೆ ಕೈ ಚಾಚಿತು. ತಂಡದಲ್ಲಿದ್ದ ವಿವೇಕ್ ನಿತ್ಯಾನಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಈ ಕೀಟ ನಮ್ಮಂತೆ ಚಿತ್ರಗಳ ವಿವರವನ್ನು ಜೋಡಿಸುವುದಿಲ್ಲ, ಚಿತ್ರ ಎಲ್ಲಿ ಬದಲಾಗುತ್ತಿದೆ ಎಂಬುದನ್ನಷ್ಟೇ ಜೋಡಿಸುತ್ತದೆ ಎಂದು ಅವರು 2018ರಲ್ಲಿ ತೋರಿಸಿದರು. ಅಲುಗಾಡದ ಬೇಟೆ ಅದರ ಲೆಕ್ಕಕ್ಕಿಲ್ಲ. ಕನ್ನಡಕವನ್ನು ಆಮೇಲೆ ಬಿಚ್ಚಿಬಿಡುತ್ತಾರೆ, ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ.